‘ನೋಡೂಣ್ರಿ’ ಅಂದಿದ್ದು ‘ಹೂಂ’ ಆಗುವ ಮೊದಲು: ಹನ್ನೊಂದು ತಿಂಗಳ ಕಾಂಟ್ರ್ಯಾಕ್ಟ್ ಬೇಡವೆನ್ನುವುದು ಹೇಗೆ?

ಪ್ರಶ್ನೆ: ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಎಂಟು ವರ್ಷ ಕಂಪನಿಗಳಲ್ಲಿ ದುಡಿದೆ. ಈಗ ಐದು ವರ್ಷದಿಂದ ಮನೆಯಲ್ಲೇ ಕೂತು ಎರಕದ ಭಾಗಗಳ ಥ್ರೀಡಿ ಮಾಡೆಲ್, ಪ್ಯಾಟರ್ನ್ (ಎರಕದ ಅಚ್ಚು ತೆಗೆಯಲು ಬಳಸುವ ಮಾದರಿ) ಡ್ರಾಯಿಂಗ್ ಮಾಡಿಕೊಡುತ್ತೇನೆ. ಇಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಎರಡು ಫೌಂಡ್ರಿ (ಎರಕದ ಕಾರ್ಖಾನೆ), ಕೊಲ್ಹಾಪುರ ಕಡೆಯ ಒಂದು ಮಶಿನ್ ಶಾಪ್ ಕಾಯಂ ಗಿರಾಕಿಗಳು. ಗಂಟೆಗೆ 550 ರೂಪಾಯಿ ದರ. ಈಗ ಎರಡರಲ್ಲಿ ಒಂದು ಫೌಂಡ್ರಿಯವರು 11 ತಿಂಗಳ ಕಾಂಟ್ರ್ಯಾಕ್ಟ್ ಕೊಡುತ್ತೇವೆ ಎನ್ನುತ್ತಿದ್ದಾರೆ. ತಿಂಗಳಿಗೆ 58,000, ವಾರಕ್ಕೆ ಆರು ದಿನ, ಬೆಳಿಗ್ಗೆ 9ರಿಂದ ಸಂಜೆ 6, ಪಿಎಫ್ ಇಲ್ಲ, ರಜೆ ಇಲ್ಲ, 10% ಟಿಡಿಎಸ್ (ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ), ಬೇರೆಯವರ ಕೆಲಸ ಮುಟ್ಟುವಂತಿಲ್ಲ. ನನಗೆ ಮನಸ್ಸಿಲ್ಲ. ಆದರೆ ಮಾತು ತಂದವರು ನನಗೆ ಕೆಲಸ ಕಲಿಸಿದ ಹಿರಿಯರು, ಈಗ ಅಲ್ಲಿ ಪ್ರೊಡಕ್ಷನ್ ಮ್ಯಾನೇಜರ್. ಭಿಡೆಗೆ ಬಿದ್ದು ‘ನೋಡೂಣ್ರಿ ಸರ್’ ಅಂದು ಬಂದೆ. ಮರುದಿನವೇ ಆಫೀಸಿನಿಂದ ಆಧಾರ್, ಫೋಟೊ, ಜಾಯ್ನ್ ಆಗುವ ತಾರೀಖು ಕೇಳಿ ವಾಟ್ಸಾಪ್ ಬಂತು. ಅವರ ಕಡೆ ನನ್ನ ಎರಡು ಬಿಲ್ಲಿನ 84,000 ಬಾಕಿಯೂ ಇದೆ. ಗಿರಾಕಿ ಕೈಬಿಡಬಾರದು, ರೊಕ್ಕ ಮುಳುಗಬಾರದು, ಹಿರಿಯರ ಮನಸ್ಸು ಕೆಡಬಾರದು. ಬ್ಯಾಡ ಅನ್ನೂದು ಹೆಂಗ್ರಿ?
(ಹೆಸರು ಬೇಡ, ಟಿಳಕವಾಡಿ, ಬೆಳಗಾವಿ)

ಉತ್ತರ: ಬೇಡ ಎನ್ನುವುದು ಹೇಗೆಂಬುದನ್ನು ಆಮೇಲೆ ನೋಡೋಣ. ಮೊದಲು ಆ ವಾಟ್ಸಾಪಿಗೆ ಇವತ್ತೇ ಉತ್ತರ ಹಾಕಿ. ಆಧಾರ್ ಕಳಿಸಬೇಡಿ, ತಾರೀಖು ಹೇಳಬೇಡಿ, ಹೆಬ್ಬೆಟ್ಟು ಎತ್ತಿದ ಚಿತ್ರವನ್ನಂತೂ ಹಾಕಲೇಬೇಡಿ. ಇಷ್ಟು ಬರೆದರೆ ಸಾಕು: ‘ನಮಸ್ಕಾರ. ಕಾಂಟ್ರ್ಯಾಕ್ಟಿಗೆ ನಾನಿನ್ನೂ ಒಪ್ಪಿಗೆ ಕೊಟ್ಟಿಲ್ಲ. ಶುಕ್ರವಾರದೊಳಗೆ ನನ್ನ ನಿರ್ಧಾರ ಬರೆದು ತಿಳಿಸುತ್ತೇನೆ. ಅಲ್ಲಿಯ ತನಕ ಜಾಯ್ನಿಂಗ್ ಕಾಗದಪತ್ರ ಮುಂದುವರಿಸಬೇಡಿ.’

ಇಷ್ಟು ಅವಸರ ಯಾಕೆಂದರೆ ನಮ್ಮ ಕಡೆ ‘ನೋಡೂಣ್ರಿ’ ಅಂದರೆ ಹೇಳಿದವನಿಗೆ ಮುಕ್ಕಾಲು ಪಾಲು ಇಲ್ಲ, ಕೇಳಿದವನಿಗೆ ಮುಕ್ಕಾಲು ಪಾಲು ಹೌದು. ಮರಾಠಿಯ ‘ಬಘೂಯಾ’ದ್ದೂ ಇದೇ ಕಥೆ. ಹೀಗಾಗಿ ಭಾಷೆ ಬದಲಿಸಿ ಹೇಳಿದರೂ ಬೆಳಗಾವಿಯಲ್ಲಿ ಪಾರಾಗುವಂತಿಲ್ಲ. ಮನೆಮಂದಿಯ ನಡುವೆ ಈ ಮಾತು ನಡೆಯುತ್ತದೆ, ಯಾರಿಗೂ ನೋವಾಗುವುದಿಲ್ಲ. ಫೌಂಡ್ರಿಯಲ್ಲಿ ಮಾತ್ರ ಆ ಒಂದು ಮಾತಿನ ಮೇಲೆ ಪ್ಯಾಟರ್ನ್ ಶಾಪಿನ ತಿಂಗಳ ಯೋಜನೆ ನಿಂತುಬಿಡುತ್ತದೆ. ಬೇಡ ಎಂದವನ ಮೇಲೆ ಸಿಟ್ಟು ಒಂದೆರಡು ದಿನ. ಮೂರು ವಾರ ‘ನೋಡೂಣು’ ಎಂದು ಆಮೇಲೆ ಬೇಡ ಎಂದವನ ಮೇಲಿನ ಸಿಟ್ಟು ಬಹಳ ದಿನ ಉಳಿಯುತ್ತದೆ, ಪಕ್ಕದ ಶೆಡ್ಡಿಗೂ ಹೋಗುತ್ತದೆ.

ಕಾನೂನೂ ಇಲ್ಲಿ ಭಿಡೆ ನೋಡುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಒಪ್ಪಿಗೆಗೆ ಸಹಿಯೇ ಬೇಕೆಂದಿಲ್ಲ. ಪ್ರಸ್ತಾವದಲ್ಲಿ ಕೇಳಿದ್ದನ್ನು ಮಾಡಿಬಿಟ್ಟರೆ, ಅದರ ಜೊತೆ ಬಂದ ರೊಕ್ಕ ತೆಗೆದುಕೊಂಡರೆ, ಅದೂ ಒಪ್ಪಿಗೆಯೇ ಎಂದು ಅದರ 8ನೇ ಕಲಮು ಹೇಳುತ್ತದೆ. ಇಮೇಲ್, ಮೆಸೇಜಿನಲ್ಲಿ ಆದ ಕರಾರಿಗೂ ಬೆಲೆಯಿದೆ ಎನ್ನುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಮು. ಸುಮ್ಮನೆ ಕೂತರೆ ಅದು ಒಪ್ಪಿಗೆ ಆಗದು, ನಿಜ. ಆದರೆ ನೀವು ಸುಮ್ಮನೆ ಕೂತಿಲ್ಲ, ‘ನೋಡೂಣ್ರಿ’ ಅಂದಿದ್ದೀರಿ. ಅದರ ಹಿಂದೆಯೇ ಆಧಾರ್ ಕಳಿಸಿ, ಅವರ ವಾಟ್ಸಾಪ್ ಗುಂಪಿಗೆ ಸೇರಿ, ‘ಒಂದು ಸಣ್ಣ ಮಾಡೆಲ್ ಐತಿ, ಹಂಗ ನೋಡಿಕೊಡ್ರಿ’ ಎಂದದ್ದನ್ನೂ ಮಾಡಿಕೊಟ್ಟರೆ, ಮುಂದೆ ‘ನಾನು ಒಪ್ಪಿಯೇ ಇರಲಿಲ್ಲ’ ಎಂಬ ಮಾತು ತೆಳುವಾಗುತ್ತದೆ. ಈ ವಾರ ಅವರಿಂದ ಯಾವುದೇ ಹೊಸ ಕೆಲಸ ಬಂದರೆ ಮಾಡಿ, ಆದರೆ ಹಳೆಯ ಪದ್ಧತಿಯಂತೆ ಬೇರೆ ಕೊಟೇಶನ್, ಬೇರೆ ಬಿಲ್ ಮೇಲೆ.

ಇನ್ನು ರೊಕ್ಕದ ಲೆಕ್ಕ. ನಿರ್ಧಾರ ಆಗಿಹೋಗಿದೆಯಲ್ಲ, ಲೆಕ್ಕ ಯಾಕೆ ಅನ್ನಬಹುದು. ಫೋನಿನಲ್ಲಿ ‘ಎಷ್ಟು ಕೊಟ್ರ ಬರ್ತಿ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಆಗ ನಾಲಿಗೆ ತಡವರಿಸಬಾರದು.

ಗಂಟೆಗೆ ಭಾಗಿಸಿ ನೋಡಿದರೆ ಆಫರ್ ತೀರಾ ಕಡಿಮೆ. ತಿಂಗಳಿಗೆ 26 ದಿನ, ಊಟದ ಹೊತ್ತು ಬಿಟ್ಟು ದಿನಕ್ಕೆ 8 ಗಂಟೆ, ಒಟ್ಟು 208 ಗಂಟೆ. 58,000 ಭಾಗಿಸಿದರೆ ಗಂಟೆಗೆ ಸುಮಾರು 279 ರೂಪಾಯಿ, ನಿಮ್ಮ ದರದ ಅರ್ಧ. ಆದರೆ ಈ ಹೋಲಿಕೆ ಸರಿಯಲ್ಲ, ಇದನ್ನು ಅವರ ಮುಂದೆ ಇಟ್ಟರೆ ಅನುಭವಿ ಮ್ಯಾನೇಜರು ನಕ್ಕುಬಿಡುತ್ತಾರೆ. ಸ್ವತಂತ್ರವಾಗಿ ದುಡಿಯುವವರು ತಿಂಗಳ ಪೂರ್ತಿ ಗಂಟೆಗೆ ಬಿಲ್ ಹಾಕುವುದಿಲ್ಲ. ಕೊಟೇಶನ್, ಫಾಲೋಅಪ್, ಬಾಕಿ ಕೇಳುವುದು, ಕರೆಂಟ್ ಹೋಗುವುದು ಎಲ್ಲ ಕಳೆದು 125 ಗಂಟೆಗೆ ಬಿಲ್ ಆಯಿತೆನ್ನಿ. 550ರಂತೆ 68,750. ಸಾಫ್ಟ್‌ವೇರ್ ಲೈಸೆನ್ಸು, ಕಂಪ್ಯೂಟರಿನ ಸವಕಳಿ, ಇಂಟರ್ನೆಟ್, ಲೆಕ್ಕಿಗರ ಫೀ ಸೇರಿ 14,000 ಖರ್ಚು ತೆಗೆದರೆ ಉಳಿಯುವುದು 54,750. ನಿಮ್ಮ ಸ್ವಂತ ಅಂಕಿ ಹಾಕಿ ಇದನ್ನೇ ಮಾಡಿ. ಲೈಸೆನ್ಸೂ ಯಂತ್ರವೂ ಅವರದೇ ಆದರೆ ಮೇಲುನೋಟಕ್ಕೆ ಅವರ 58,000 ಮೂರು ಸಾವಿರ ಜಾಸ್ತಿಯೇ ಇದೆ. ಇದನ್ನು ಒಪ್ಪಿಕೊಳ್ಳಿ.

ಹೊಡೆತ ಬೀಳುವುದು ಹನ್ನೆರಡನೇ ತಿಂಗಳಲ್ಲಿ. ಉಳಿದಿಬ್ಬರು ಗಿರಾಕಿಗಳು ಹನ್ನೊಂದು ತಿಂಗಳು ನಿಮಗಾಗಿ ಕಾಯುವುದಿಲ್ಲ, ಬೇರೆಯವರನ್ನು ಹಚ್ಚಿಕೊಳ್ಳುತ್ತಾರೆ. ಹೊರಬಂದ ಮೇಲೆ ನಾಲ್ಕು ತಿಂಗಳು ಅರ್ಧ ಗಳಿಕೆಯಲ್ಲಿ ಹೋಯಿತೆಂದು ಹಿಡಿದರೂ ನಷ್ಟ 27,375 ಗುಣಿಸು ನಾಲ್ಕು, ಅಂದರೆ 1,09,500. ಹನ್ನೊಂದು ತಿಂಗಳಿಗೆ ಹಂಚಿದರೆ ತಿಂಗಳಿಗೆ ಹತ್ತಿರ ಹತ್ತಿರ 10,000. ಹೀಗೆ ಅವರ 58,000ದ ನಿಜವಾದ ಬೆಲೆ 48,000. ಆ 58,000ದಲ್ಲೂ 10% ಟಿಡಿಎಸ್ ಮುರಿದು ಕೈಗೆ ಬರುವುದು ತಿಂಗಳಿಗೆ 52,200 ಮಾತ್ರ. ಟಿಡಿಎಸ್ ಮುಳುಗುವ ರೊಕ್ಕವಲ್ಲ. ಎಂಜಿನಿಯರಿಂಗ್ ವೃತ್ತಿಯ ಅಂದಾಜು ತೆರಿಗೆ ಪದ್ಧತಿಯಲ್ಲಿ ಅರ್ಧವನ್ನು ಆದಾಯವೆಂದು ತೋರಿಸಿದರೆ 6,38,000ಕ್ಕೆ 3,19,000 ಆದಾಯ. ಬೇರೆ ಗಳಿಕೆ ಇಲ್ಲದಿದ್ದರೆ ಹೊಸ ತೆರಿಗೆ ಪದ್ಧತಿಯಲ್ಲಿ ತೆರಿಗೆ ಬೀಳುವುದಿಲ್ಲ, ಮುರಿದ 63,800 ವಾಪಸ್ ಬರುತ್ತದೆ. ಆದರೆ ರಿಟರ್ನ್ ಹಾಕಿದ ಮೇಲೆ. ಅಷ್ಟರ ತನಕ ಮನೆ ಖರ್ಚು ನಿಮ್ಮದೇ.

ಆ 10% ಇನ್ನೊಂದು ಗುಟ್ಟನ್ನೂ ಹೇಳುತ್ತದೆ. ಮಂದಿ ಇನ್ನೂ 194ಜೆ ಎಂದೇ ಕರೆಯುವ ಕಡಿತ ಅದು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಕಲಮಿನ ನಂಬರ್ ಬದಲಾಗಿದೆ, ಬಾಯಿಮಾತು ಬದಲಾಗಿಲ್ಲ. ಈ ಕಡಿತ ವೃತ್ತಿಪರರ ಫೀಗೆ ಹತ್ತುತ್ತದೆ, ಪಗಾರಕ್ಕಲ್ಲ. ಅಂದರೆ ಲೆಕ್ಕದ ಪುಸ್ತಕದಲ್ಲಿ ನೀವು ಹೊರಗಿನ ವೃತ್ತಿಪರರು. ಅದಕ್ಕೇ ಪಿಎಫ್ ಇಲ್ಲ, ರಜೆ ಇಲ್ಲ. ಗೇಟಿನಲ್ಲಿ ಮಾತ್ರ ನೌಕರರು. ಅದಕ್ಕೇ 9 ಗಂಟೆಯ ಹಾಜರಿ, ಅದಕ್ಕೇ ಬೇರೆ ಕೆಲಸಕ್ಕೆ ಬೇಲಿ. ನೌಕರನ ಕಟ್ಟುಪಾಡು ಇರಲಿ, ನೌಕರನ ಹಕ್ಕು ಬೇಡ ಎನ್ನುವ ಈ ಬೆರಕೆಯನ್ನು ನೀವು ಒಲ್ಲೆ ಎನ್ನುತ್ತಿರುವುದು. ಆ ಫೌಂಡ್ರಿಯನ್ನಲ್ಲ, ಆ ಹಿರಿಯರನ್ನಂತೂ ಅಲ್ಲ. ಇದು ನಿಮ್ಮ ತಲೆಯಲ್ಲಿ ಸ್ಪಷ್ಟವಿದ್ದರೆ ಧ್ವನಿ ತಾನಾಗಿ ಮೆತ್ತಗಿರುತ್ತದೆ. ಈ ವಿಶ್ಲೇಷಣೆಯನ್ನು ಅವರಿಗೆ ಓದಿ ಹೇಳಲು ಹೋಗಬೇಡಿ. ಆರೋಪದಂತೆ ಕೇಳಿಸುತ್ತದೆ.

ಆಫರ್ ಪತ್ರ ಕೈಗೆ ಬಂದಿದ್ದರೆ ಅದರಲ್ಲಿ ಹಕ್ಕುಗಳ ಸಾಲನ್ನು ಹುಡುಕಿ ಓದಿ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ನೌಕರ ಕೆಲಸದ ಭಾಗವಾಗಿ ಮಾಡಿದ ಡ್ರಾಯಿಂಗಿಗೆ ಸಾಮಾನ್ಯವಾಗಿ ಮಾಲಕನೇ ಮೊದಲ ಒಡೆಯ. ಸ್ವತಂತ್ರವಾಗಿ ಮಾಡಿಕೊಟ್ಟದ್ದಕ್ಕೆ, ಬರಹದಲ್ಲಿ ಬಿಟ್ಟುಕೊಡದಿದ್ದರೆ, ಮಾಡಿದವರೇ ಒಡೆಯರು. ಕೆಲವು ಪತ್ರಗಳಲ್ಲಿ ‘ಈ ಹಿಂದೆ ಮಾಡಿದ ಕೆಲಸವೂ ಸೇರಿ’ ಎಂಬ ಪದಗಳು ಸಣ್ಣಗೆ ಕೂತಿರುತ್ತವೆ. ನೀವು ಐದು ವರ್ಷದಿಂದ ಕಟ್ಟಿಕೊಂಡ ಸ್ಟ್ಯಾಂಡರ್ಡ್ ಲೈಬ್ರರಿಯೂ ಅದರೊಳಗೆ ಹೋಗುತ್ತದೆ.

ಈಗ ಮುಖ್ಯ ಮಾತಿಗೆ ಬರೋಣ. ಬೇಡ ಎಂದ ಮೇಲೂ ಗಿರಾಕಿ ಉಳಿಯಬೇಕಾದರೆ, ಅವರು ನಿಮ್ಮನ್ನು ಒಳಗೆ ಕೂರಿಸಬೇಕೆಂದದ್ದು ಯಾಕೆ ಎಂಬುದು ತಿಳಿದಿರಬೇಕು. ಫೌಂಡ್ರಿಯಲ್ಲಿ ಇದು ಬಹುತೇಕ ಒಂದೇ ಕಾರಣಕ್ಕೆ: ರಿವಿಜನ್. ಫೌಂಡ್ರಿಯ ಗಿರಾಕಿ ಕಂಪನಿಯಿಂದ ಬೆಳಿಗ್ಗೆ 11ಕ್ಕೆ ಮೇಲ್ ಬರುತ್ತದೆ, ಒಂದು ಬಾಸಿನ (ಎರಕದ ಭಾಗದ ಮೇಲೆ ಎದ್ದಿರುವ ಗುಬ್ಬಿಯ) ಎತ್ತರ 4 ಮಿಲಿಮೀಟರ್ ಹೆಚ್ಚಿಸಿ ಎಂದು. ಕೇಳಲು ಸಣ್ಣದು. ಆದರೆ ಮಾಡೆಲ್ ಬದಲಾಗಬೇಕು, ಅದರ ಮೇಲೆ ಮಶಿನಿಂಗ್ ಅಲೌನ್ಸ್ (ಆಮೇಲೆ ಯಂತ್ರದಲ್ಲಿ ಕೊರೆದು ತೆಗೆಯುವ ಪದರ) 3 ಮಿಲಿಮೀಟರ್ ಮತ್ತೆ ಕೂರಿಸಬೇಕು, ಲೋಹ ಆರಿದಾಗಿನ ಕುಗ್ಗುವಿಕೆ ಸೇರಿಸಬೇಕು. ಬೂದು ಎರಕದ ಕಬ್ಬಿಣಕ್ಕೆ ಸುಮಾರು 1%, ಅಂದರೆ 300ರ ಅಳತೆ ಪ್ಯಾಟರ್ನಿನಲ್ಲಿ 303 ಆಗಬೇಕು. ಡ್ರಾಫ್ಟ್ ಕೋನ (ಪ್ಯಾಟರ್ನ್ ಅಚ್ಚಿನಿಂದ ಸಲೀಸಾಗಿ ಹೊರಬರಲು ಕೊಡುವ ಓರೆ) ಕೆಟ್ಟಿದೆಯೇ, ಒಳಗಿನ ಟೊಳ್ಳಿನ ಅಚ್ಚು ಮಾಡುವ ಕೋರ್ ಬಾಕ್ಸಿಗೂ ಬದಲಾವಣೆ ತಾಗುತ್ತದೆಯೇ, ಅಲ್ಲಿ ಲೋಹ ದಪ್ಪಗಾದ್ದರಿಂದ ರೈಸರ್ (ಎರಕ ಕುಗ್ಗುವಾಗ ಹೆಚ್ಚಿನ ಲೋಹ ಒದಗಿಸುವ ಭಾಗ) ಸಾಕಾಗುತ್ತದೆಯೇ ನೋಡಬೇಕು. ನೀವು ಆ ಹೊತ್ತಿಗೆ ಕೊಲ್ಹಾಪುರದ ಕೆಲಸದಲ್ಲಿ ಮುಳುಗಿದ್ದು ಮರುದಿನ ಸಂಜೆ ಉತ್ತರಿಸಿದರೆ ಪ್ಯಾಟರ್ನ್ ಮಾಡುವವರ ಒಂದೂವರೆ ದಿನ ಖಾಲಿ ಹೋಯಿತು. ಇನ್ನೂ ಕೆಟ್ಟದ್ದೆಂದರೆ, ಹಳೆಯ ರಿವಿಜನ್ನಿನ ಪ್ಯಾಟರ್ನ್ ಮೇಲೆಯೇ ಮೋಲ್ಡ್ (ಅಚ್ಚು) ಬಿದ್ದು ಆ ಹೀಟಿನ, ಅಂದರೆ ಒಂದು ಸಲ ಕರಗಿಸಿದ ಲೋಹದ, ಕಾಸ್ಟಿಂಗ್ ಪೂರಾ ಸ್ಕ್ರ್ಯಾಪಿಗೆ ಹೋಗುತ್ತದೆ.

ಅವರ ಹೆದರಿಕೆ ಇದು. ಅವರಿಗೆ ಬೇಕಾದದ್ದು ನೀವು ಕುರ್ಚಿಯಲ್ಲಿ ಕೂತಿರುವುದಲ್ಲ, ಕರೆದಾಗ ಸಿಗುವುದು. ಹಾಗಾಗಿ ‘ಬರೂದಿಲ್ರಿ, ಆದ್ರ ಕೆಲಸ ಕೊಡ್ರಿ’ ಎಂಬ ಬರಿ ಮಾತು ಸಾಲದು. ಸಿಗುವ ಖಾತ್ರಿಯನ್ನು ಅಂಕಿಯಲ್ಲಿ ಕೊಡಬೇಕು. ಉದಾಹರಣೆಗೆ ತಿಂಗಳಿಗೆ 40 ಗಂಟೆ ಅವರಿಗೇ ಮೀಸಲು, ಗಂಟೆಗೆ 600ರಂತೆ 24,000, ಪ್ರತಿ ತಿಂಗಳು 5ನೇ ತಾರೀಖಿನೊಳಗೆ ಮುಂಗಡ. ಮಧ್ಯಾಹ್ನ 12ರೊಳಗೆ ಬಂದ ರಿವಿಜನ್ನಿಗೆ ಅದೇ ದಿನ ಸಂಜೆ 6ರೊಳಗೆ ಉತ್ತರ. ಪೂರ್ತಿ ಕೆಲಸವಲ್ಲ, ‘ಎಷ್ಟು ಬದಲಾಗುತ್ತದೆ, ಯಾವಾಗ ಸಿಗುತ್ತದೆ’ ಎಂಬ ಉತ್ತರ. ವಾರಕ್ಕೊಮ್ಮೆ ಅರ್ಧ ದಿನ ಪ್ಯಾಟರ್ನ್ ಶಾಪಿಗೆ ಖುದ್ದಾಗಿ ಹಾಜರಿ. 40 ದಾಟಿದ ಗಂಟೆಗೆ 650. ಬಳಸದ ಗಂಟೆಯಲ್ಲಿ 10 ಮಾತ್ರ ಮುಂದಿನ ತಿಂಗಳಿಗೆ, ಉಳಿದದ್ದು ಹೋಯಿತು. ಡ್ರಾಯಿಂಗಿನ ಹಕ್ಕು ರೊಕ್ಕ ಸಂದಾಯವಾದ ದಿನ ಬರಹದಲ್ಲಿ ಅವರಿಗೆ. ಬಿಡುವುದಾದರೆ ಎರಡೂ ಕಡೆ 30 ದಿನದ ನೋಟಿಸು.

ದರ 550ರಿಂದ 600 ಆದದ್ದು ದುರಾಸೆಯಲ್ಲ. ಬೇರೆ ಗಿರಾಕಿಯ ಕೆಲಸ ಬದಿಗಿಟ್ಟು ಅವರಿಗೆ ಓಗೊಡುವುದರ ಬೆಲೆ ಅದು. ಹಾಗೆಯೇ ಹೇಳಿ.

ಇಲ್ಲೊಂದು ಎಚ್ಚರಿಕೆ. ಪ್ರಸ್ತಾವವನ್ನು ಇದ್ದ ಹಾಗೆ ಒಪ್ಪದೆ ಬೇರೆ ಷರತ್ತು ಮುಂದಿಟ್ಟರೆ ಮೊದಲಿನದು ಸತ್ತಂತೆ. ಆಮೇಲೆ ‘ಹೋಗ್ಲಿ ಬಿಡ್ರಿ, 58,000ಕ್ಕ ಬರ್ತೀನಿ’ ಎಂದರೆ ಅವರು ಕೊಡಬೇಕೆಂದಿಲ್ಲ. ತಿರುಗಿ ಅವರು ನಿಮ್ಮ ಷರತ್ತಿಗೆ ‘ಆತು’ ಎಂದರೆ ಕರಾರು ಆಗಿಹೋಯಿತು. ಆದ್ದರಿಂದ 40 ಗಂಟೆ ನಿಜವಾಗಿ ಕೊಡಲು ಸಾಧ್ಯವಿದ್ದರೆ ಮಾತ್ರ 40 ಎನ್ನಿ. ಸಂಕೋಚಕ್ಕೆ ಹೇಳಿದ ಅಂಕಿ ‘ನೋಡೂಣ್ರಿ’ಗಿಂತ ದುಬಾರಿ. ಏನೂ ಕೊಡಲಾಗದಿದ್ದರೆ ಬರಿ ಬೇಡ ಎನ್ನುವುದೇ ಮರ್ಯಾದೆ.

ಹೇಳುವ ಕ್ರಮ ಹೀಗಿರಲಿ. ಮೊದಲು ಹಿರಿಯರಿಗೆ, ನೀವೇ, ಫೋನಿನಲ್ಲಿ ಅಥವಾ ಎದುರಿಗೆ. ಆಫೀಸಿಗೆ ಮೇಲ್ ಹೋಗುವ ಅರ್ಧ ತಾಸು ಮುಂಚೆ ಅವರಿಗೆ ಗೊತ್ತಿರಬೇಕು. ನಿಮ್ಮ ಹೆಸರು ಹೇಳಿ ಮಾಲಕರ ಮುಂದೆ ನಿಂತವರು ಅವರು. ಸುದ್ದಿ ಆಫೀಸಿನ ಹುಡುಗನ ಬಾಯಿಂದ ತಿಳಿದರೆ ಅವರ ಮಾರಿ ಸಣ್ಣದಾಗುತ್ತದೆ. ಆದರೆ ‘ನೀವ ಹೇಳಿಬಿಡ್ರಿ ಸರ್’ ಎಂದು ಬೇಡದ ಗಂಟನ್ನು ಅವರ ತಲೆಗೆ ಕಟ್ಟಬೇಡಿ. ಅವರು ಮಾಲಕರಿಗೆ ಹೇಳುವಾಗ ಅದು ‘ಸದ್ಯ ಬ್ಯಾಡಂತ’ ಆಗುತ್ತದೆ, ಮುಂದಿನ ತಿಂಗಳು ಮತ್ತೆ ಕರೆ ಬರುತ್ತದೆ. ಹೊತ್ತಿನ ವಿಷಯಕ್ಕೆ ಬಂದರೆ, ತಿಂಗಳ ಕೊನೆಯ ಎರಡು ಮೂರು ದಿನ ಬಿಡಿ. ಡಿಸ್ಪ್ಯಾಚ್, ಬಿಲ್ಲಿಂಗಿನ ಗದ್ದಲದಲ್ಲಿ ಯಾವ ಪ್ರೊಡಕ್ಷನ್ ಮ್ಯಾನೇಜರಿಗೂ ಸಮಾಧಾನ ಇರುವುದಿಲ್ಲ. ಲೋಹ ಹೊಯ್ಯುವ ಹೊತ್ತಿನಲ್ಲೂ ಬೇಡ. ಆಫರ್ ಬಂದು ಮೂರು ಕೆಲಸದ ದಿನದೊಳಗೆ ಆದರೆ ಒಳ್ಳೆಯದು.

ಕಾರಣ ಒಂದೇ ಇರಲಿ. ಎರಡನೆಯದು ಹೇಳಿದ ಕೂಡಲೆ ಮೊದಲನೆಯದು ನೆಪವಾಗಿ ಕಾಣುತ್ತದೆ. ಅವರು ಸರಿಪಡಿಸಬಹುದಾದ ಕಾರಣ ಹೇಳಬೇಡಿ. ‘ಪಗಾರ ಕಮ್ಮಿ’ ಎಂದರೆ 5,000 ಏರಿಸುತ್ತಾರೆ, ‘ಶನಿವಾರ ಆಗೂದಿಲ್ಲ’ ಎಂದರೆ ಶನಿವಾರ ಬಿಡುತ್ತಾರೆ, ಆಮೇಲೆ ನಿಮಗೆ ಉತ್ತರವಿಲ್ಲ. ‘ಆರಾಮ ಇಲ್ರಿ’, ‘ಮನ್ಯಾಗ ಒಲ್ಲೆ ಅಂತಾರ’ ಎಂಬುವು ಅದಕ್ಕಿಂತ ಕೆಟ್ಟವು. ಮೂರನೇ ರೈಲ್ವೆ ಗೇಟಿನಿಂದ ಉದ್ಯಮಬಾಗದ ತನಕ ದಿನವೂ ಅದೇ ಮಂದಿ ಅದೇ ಚಹಾದಂಗಡಿಯಲ್ಲಿ ಸಿಗುತ್ತಾರೆ. ಆರಾಮ ಇಲ್ಲದವನು ಪಕ್ಕದ ಫೌಂಡ್ರಿಯ ಗೇಟಿನಲ್ಲಿ ಕಂಡನೆಂಬ ಸುದ್ದಿಗೆ ಒಂದು ತಾಸೂ ಬೇಕಿಲ್ಲ. ನಿಜವಾದ, ಬದಲಾಗದ ಕಾರಣ ನಿಮ್ಮ ಹತ್ತಿರ ಇದ್ದೇ ಇದೆ: ಒಬ್ಬರಿಗೇ ಕಟ್ಟಿಕೊಂಡು ಕೆಲಸ ಮಾಡುವುದಿಲ್ಲ.

ಫೋನಿನ ಮಾತು ಸುಮಾರು ಹೀಗೆ ಇರಬಹುದು:

‘ಸರ್, ನಮಸ್ಕಾರ್ರಿ. ಮೊನ್ನೆ ನಾ ನೋಡೂಣ್ರಿ ಅಂದಿದ್ದೆ, ಹಂಗ ಅನಬಾರದಿತ್ತು, ತಪ್ಪಾತು. ವಿಚಾರ ಮಾಡೀನ್ರಿ, ಈ ಕಾಂಟ್ರ್ಯಾಕ್ಟ್ ನಾ ತಗೊಳ್ಳೂದಿಲ್ರಿ. ಒಬ್ಬರ ಕಡೆನೇ ಕುಂತು ಕೆಲಸ ಮಾಡೂದಿಲ್ಲಂತ ಐದು ವರ್ಷದ ಹಿಂದನ ಠರಾವು ಮಾಡಿಕೊಂಡೀನ್ರಿ, ಅದನ್ನ ಮುರಿಯಂಗಿಲ್ರಿ. ನೀವು ನನ್ನ ಹೆಸರು ಹೇಳಿದ್ರಿ, ಅದಕ್ಕ ನಿಮಗ ಮೊದಲ ಹೇಳಾಕತ್ತೀನಿ. ರಿವಿಜನ್ ತಡಾ ಆಗತೈತಿ ಅನ್ನೂದು ಖರೇ ಐತ್ರಿ. ಅದಕ್ಕ ಬ್ಯಾರೆ ವ್ಯವಸ್ಥಾ ಒಂದು ಬರದು ಕಳಸ್ತೀನಿ, ಸರಿ ಅನಿಸಿದ್ರ ಮಾಲಕರಿಗೆ ತೋರಸ್ರಿ.’

ಇಷ್ಟು ಹೇಳಿ ಸುಮ್ಮನಾಗಿ. ಆ ಕಡೆ ಐದು ಸೆಕೆಂಡು ಮೌನ ಇದ್ದರೆ ಅದನ್ನು ತುಂಬಲು ಹೋಗಬೇಡಿ. ಬಹಳ ಮಂದಿ ಜಾರುವುದು ಇಲ್ಲೇ: ಮೌನ ತಡೆಯಲಾರದೆ ‘ಮುಂದ ಯಾವಾಗರ ನೋಡೂಣ್ರಿ’ ಎಂದುಬಿಡುತ್ತಾರೆ, ಕಟ್ಟಿದ್ದೆಲ್ಲ ಬಿಚ್ಚುತ್ತದೆ. ‘ಎಷ್ಟು ಕೊಟ್ರ ಬರ್ತಿ ಹೇಳು’ ಎಂದರೆ, ‘ರೊಕ್ಕದ ಮಾತಲ್ರಿ ಸರ್. ನೀವು ಹಾಕಿದ್ದು ಕಮ್ಮಿ ಏನಲ್ರಿ’ ಎನ್ನಿ. ಮೇಲಿನ ತಿಂಗಳ ಲೆಕ್ಕದಲ್ಲಿ ಅವರ ಅಂಕಿ ತುಸು ಜಾಸ್ತಿಯೇ ಇದ್ದುದರಿಂದ ಇದನ್ನು ಸುಳ್ಳಿಲ್ಲದೆ ಹೇಳಬಹುದು. ‘ಕಲಿಸಿದವರಿಗೆ ಇಷ್ಟೂ ಮಾಡೂದಿಲ್ಲೇನು?’ ಎಂಬ ಮಾತು ಬಂದರೆ ಎದುರು ವಾದ ಬೇಡ. ‘ಕಲಿಸಿದ್ದು ಮರ್ತಿಲ್ರಿ, ಕೆಲಸ ಬಂದಾಗ ನಿಮ್ಮದು ಮೊದಲ ಹಿಡೀತೀನಿ’ ಎಂದು, ಅದನ್ನು ಮುಂದೆ ಮಾಡಿ ತೋರಿಸಿ.

ಅದೇ ದಿನ ಬರಹ. ಆಫೀಸಿನ ವ್ಯವಹಾರ ಇಂಗ್ಲಿಷಿನಲ್ಲಿದ್ದರೆ ಇಂಗ್ಲಿಷಿನಲ್ಲೇ ಬರೆಯಿರಿ, ಸಾರ ಇಷ್ಟಿರಲಿ: ‘ಇಂಥ ತಾರೀಖಿನಂದು ತಾವು ಕಳಿಸಿದ 11 ತಿಂಗಳ ಕಾಂಟ್ರ್ಯಾಕ್ಟ್ ಪ್ರಸ್ತಾವಕ್ಕೆ ಧನ್ಯವಾದ. ನಾನು ಒಬ್ಬರಿಗೇ ಸೀಮಿತವಾಗಿ ಕೆಲಸ ಒಪ್ಪಿಕೊಳ್ಳುವುದಿಲ್ಲವಾದ್ದರಿಂದ ಇದನ್ನು ಸ್ವೀಕರಿಸುತ್ತಿಲ್ಲ. ಈಗ ನಡೆದಿರುವ ಇಂಥಿಂಥ ಕೆಲಸ ಮೊದಲೇ ಹೇಳಿದ ತಾರೀಖಿಗೆ ಮುಗಿಯುತ್ತದೆ. ತಿಂಗಳಿಗೆ 40 ಗಂಟೆಯ ಬೇರೆ ವ್ಯವಸ್ಥೆಯ ವಿವರ ಲಗತ್ತಿಸಿದೆ, ಅದನ್ನು ಒಪ್ಪಿಕೊಳ್ಳಲು ಈ ತಿಂಗಳ ಕೊನೆಯ ತನಕ ಅವಕಾಶವಿದೆ.’ ‘ಸದ್ಯಕ್ಕೆ’, ‘ಬಹುಶಃ’, ‘ಪರಿಸ್ಥಿತಿ ಅನುಕೂಲವಾದರೆ’ ಎಂಬ ಪದ ಒಂದೂ ಬೇಡ. ಕೊನೆಯ ತಾರೀಖು ಮಾತ್ರ ಇರಲೇಬೇಕು. ಇಲ್ಲದಿದ್ದರೆ ಆರು ತಿಂಗಳ ಮೇಲೆ ಇನ್ನೊಂದು ಗಿರಾಕಿ ಹಿಡಿದು ನಿಮ್ಮ ಗಂಟೆಗಳೆಲ್ಲ ತುಂಬಿದ ಹೊತ್ತಿನಲ್ಲಿ ಅವರು ‘ಆತ್ರಿ’ ಎಂದು ಬರುತ್ತಾರೆ. ಆಫರಿನ ಹೊತ್ತಿಗೆ ಹೊಸ ಡ್ರಾಯಿಂಗ್ ಏನಾದರೂ ನೋಡಲು ಕಳಿಸಿದ್ದರೆ, ‘ಅಳಿಸಿದ್ದೇನೆ’ ಎಂದು ಒಂದು ಸಾಲು ಸೇರಿಸಿ, ನಿಜವಾಗಿ ಅಳಿಸಿ. ಗೋಪ್ಯತೆಯ ಕರಾರಿಗೆ ಸಹಿ ಹಾಕಿದ್ದರೆ ಕೆಲಸ ಒಪ್ಪದಿದ್ದರೂ ಅದು ಬದುಕಿರುತ್ತದೆ.

84,000ದ ಬಾಕಿಗೆ ಬರೋಣ. ಬೇಡ ಎನ್ನುವ ಮಾತಿಗೂ ಬಾಕಿಗೂ ಗಂಟು ಹಾಕಬೇಡಿ. ಒಂದೇ ಫೋನಿನಲ್ಲಿ ಎರಡೂ ಬಂದರೆ ಎರಡೂ ಕೆಡುತ್ತವೆ. ಆದರೆ ಕ್ರಮ ಮುಖ್ಯ. ಬೇಡ ಎನ್ನುವ ಮುಂಚೆಯೇ, ಅಂದರೆ ನಾಳೆಯೇ, ಅಕೌಂಟ್ಸ್ ವಿಭಾಗಕ್ಕೆ ಮಾಮೂಲಿ ಧಾಟಿಯಲ್ಲಿ ಬಾಕಿ ತಖ್ತೆ ಕಳಿಸಿ: ಬಿಲ್ ನಂಬರ್, ತಾರೀಖು, ಮೊತ್ತ, ಮುರಿಯುವ ಟಿಡಿಎಸ್, ಬರಬೇಕಾದದ್ದು. ‘ನಿಮ್ಮ ಪುಸ್ತಕದಲ್ಲೂ ಇಷ್ಟೇ ಇದೆಯೇ ತಿಳಿಸಿ’ ಎಂದು ಕೇಳಿ. ಅವರು ‘ಹೌದು’ ಎಂದು ಮೇಲ್ ಹಾಕಿದರೆ ಮುಂದೆ ‘ಆ ಕೆಲಸ ಸರಿ ಆಗಿರಲಿಲ್ಲ’ ಎಂಬ ರಾಗಕ್ಕೆ ಜಾಗ ಕಡಿಮೆ. ನೀವು ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಮಾಡಿಸಿದ್ದರೆ ಅದರ ನಂಬರ್ ಬಿಲ್ಲಿನ ಮೇಲೆ ಕಾಣುವಂತಿರಲಿ. 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ ಸೂಕ್ಷ್ಮ, ಸಣ್ಣ ಉದ್ಯಮದ ರೊಕ್ಕವನ್ನು ಬರಹದ ಕರಾರಿದ್ದರೆ ಅದರಲ್ಲಿ ಹೇಳಿದ ದಿನದೊಳಗೆ, ಎಷ್ಟೇ ಆದರೂ 45 ದಿನ ಮೀರದಂತೆ ಕೊಡಬೇಕು. ಕರಾರು ಇಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ.

ಬಡ್ಡಿಯ ಬೆದರಿಕೆಗಿಂತ ಅಕೌಂಟ್ಸಿನವರಿಗೆ ತಟ್ಟುವುದು ಬೇರೆ: 2023-24ರಿಂದ, ಗಡುವು ಮೀರಿ ಉಳಿಸಿಕೊಂಡ ಇಂಥ ಬಾಕಿಯನ್ನು ಕೊಡುವ ತನಕ ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸಲು ಬರುವುದಿಲ್ಲ. ನೋಂದಣಿ ಇಲ್ಲದಿದ್ದರೆ ಈಗಲೇ ಮಾಡಿಸಿ, ಪುಗಸಟ್ಟೆ, ಆನ್‌ಲೈನಿನಲ್ಲೇ ಆಗುತ್ತದೆ. ಆದರೆ ನೋಂದಣಿಗೆ ಮೊದಲಿನ ಬಿಲ್ಲಿಗೆ ಇದರ ರಕ್ಷಣೆ ಸಿಗುವುದು ಕಷ್ಟ. ಹಳೆಯ 84,000ಕ್ಕೆ ನಿಮ್ಮ ಮೇಲ್, ಒಪ್ಪಿಗೆ, ತಗಾದೆಯೇ ಗತಿ. ಬಾಕಿ ಬಿಡಿಸಿಕೊಳ್ಳಲು ನಡೆದಿರುವ ಕೆಲಸದ ಫೈಲು ಹಿಡಿದಿಟ್ಟುಕೊಳ್ಳುವ ಉಪಾಯ ಬೇಡ. ಅತ್ತ ಪ್ಯಾಟರ್ನ್ ನಿಂತರೆ, ಸರಿಯಾಗಿ ಬೇಡವೆಂದಿದ್ದೂ ಸೇಡಿನಂತೆ ಕಾಣುತ್ತದೆ.

ನಿಮ್ಮ ವಿಷಯ ಇನ್ನೂ ಆ ಹಂತಕ್ಕೆ ಹೋಗಿಲ್ಲ, ಆದರೂ ಇದನ್ನು ಓದುವ ಕೆಲವರು ಆಗಲೇ ‘ಆತ್ರಿ, ಒಂದನೇ ತಾರೀಖಿಗೆ ಬರ್ತೀನಿ’ ಎಂದು ಬಿಟ್ಟಿರಬಹುದು. ಬಾಯಿಮಾತಿನ ಕರಾರೂ ಕರಾರೇ. ಆದರೆ ವೈಯಕ್ತಿಕ ಕೌಶಲದ ಕೆಲಸವನ್ನು ಬಲವಂತವಾಗಿ ಮಾಡಿಸಲು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಲ್ಲಿ ದಾರಿಯಿಲ್ಲ. ಕೇಳಬಹುದಾದದ್ದು ನಷ್ಟ ಪರಿಹಾರ, ಅದನ್ನೂ ತೋರಿಸಿಕೊಡಬೇಕು. ಆದ್ದರಿಂದ ಹೆದರಿ ಅಡಗಬೇಡಿ, ಫೋನ್ ಸ್ವಿಚ್ ಆಫ್ ಮಾಡಬೇಡಿ. ತಪ್ಪು ಒಪ್ಪಿ ಆವತ್ತೇ ಹೇಳಿ, ಕೊಟ್ಟ ಮುಂಗಡವಿದ್ದರೆ ಅದೇ ದಿನ ಬ್ಯಾಂಕಿನ ಮೂಲಕ ತಿರುಗಿಸಿ, ಅವರು ಬೇರೆಯವರನ್ನು ಹುಡುಕುವ ತನಕ ಎರಡು ವಾರ ತುರ್ತು ರಿವಿಜನ್ ನೋಡಿಕೊಡುತ್ತೇನೆ ಎನ್ನಿ. ಸಹಿ ಹಾಕಿದ ಖಾಲಿ ಚೆಕ್ಕು, ಖಾಲಿ ಛಾಪಾ ಕಾಗದ ಕೊಟ್ಟಿದ್ದರೆ ವಕೀಲರನ್ನು ಕಾಣಿ. ಸಹಿ ಹಾಕಿ ಒಳಗೆ ಹೋದ ಮೇಲೆ ‘ಬೇರೆ ಕೆಲಸ ಮಾಡುವಂತಿಲ್ಲ’ ಎಂಬ ಷರತ್ತು ಕರಾರಿನ ಅವಧಿ ಪೂರ್ತಿ ನಡೆಯುತ್ತದೆ. ಹೊರಬಂದ ಮೇಲೂ ಅದೇ ವ್ಯವಹಾರ ಮಾಡಬಾರದು ಎಂಬ ಷರತ್ತು ಮಾತ್ರ ಕರಾರು ಕಾಯ್ದೆಯ 27ನೇ ಕಲಮಿನಂತೆ ನಿಲ್ಲುವುದಿಲ್ಲ.

ಒಂದು ಸಂದರ್ಭದಲ್ಲಿ ಮಾತ್ರ ಇದೆಲ್ಲ ಮತ್ತೆ ಯೋಚಿಸಿ. ನಿಮ್ಮ ಗಳಿಕೆಯ ಮುಕ್ಕಾಲು ಪಾಲು ಇದೇ ಫೌಂಡ್ರಿಯಿಂದ ಬರುತ್ತಿದ್ದರೆ ನೀವು ಹೆಸರಿಗಷ್ಟೇ ಸ್ವತಂತ್ರರು. ಆಗ ಮೊದಲು ಇನ್ನೊಬ್ಬ ಗಿರಾಕಿಯನ್ನು ಹಿಡಿಯಿರಿ, ಆಮೇಲೆ ‘ಬೇಡ’ ಎನ್ನಿ. ಮೂವರಲ್ಲಿ ಒಬ್ಬರು ಎಂದಾದರೆ ಆ ಭಯವಿಲ್ಲ.

ಬೇಡ ಎಂದ ಮೇಲೆ ಅವರು ‘ಯಾರನ್ನರ ಹೇಳ್ರಿ’ ಎಂದು ಕೇಳುತ್ತಾರೆ. ಗೊತ್ತಿದ್ದವರ ನಂಬರನ್ನು ಕೂಡಲೆ ದಾಟಿಸಬೇಡಿ, ಆ ಮನುಷ್ಯನನ್ನು ಕೇಳಿ ಕೊಡಿ. ಎರಕದ ಅನುಭವ ಇಲ್ಲದ, ಬರಿ ಸಾಫ್ಟ್‌ವೇರ್ ಬಲ್ಲ ಹುಡುಗನನ್ನು ಕಳಿಸಿದರೆ ಅವನು ಮಾಡಿದ ಮೊದಲ ಸ್ಕ್ರ್ಯಾಪು ನಿಮ್ಮ ಹೆಸರಿಗೆ ಬರುತ್ತದೆ.

ಅವರು ಯಾರನ್ನಾದರೂ ಹಚ್ಚಿಕೊಂಡರೆ ಒಂದು ತಿಂಗಳೊಳಗೆ ಆ ಹೊಸಬರು ನಿಮಗೇ ಫೋನ್ ಮಾಡುತ್ತಾರೆ, ನಿಮ್ಮ ಹಳೆಯ ಮಾಡೆಲ್ ಒಂದರಲ್ಲಿ ಕುಗ್ಗುವಿಕೆ ಎಲ್ಲಿ ಸೇರಿಸಿದ್ದೀರಿ, ಅಳತೆ ಯಾಕೆ ಕೂಡುತ್ತಿಲ್ಲ ಎಂದು. ಮೊದಲ ಅರ್ಧ ತಾಸು ಹಾಗೇ ಹೇಳಿಕೊಡಿ. ಅದಕ್ಕಿಂತ ಹೆಚ್ಚಾದರೆ, ಇಲ್ಲವೇ ಫೈಲು ತೆರೆದು ನೋಡಬೇಕಾದರೆ, ಹಿರಿಯರಿಗೆ ಒಂದು ಮೆಸೇಜು ಹಾಕಿ, ಗಂಟೆಯ ದರಕ್ಕೆ ಅವರ ಒಪ್ಪಿಗೆ ಬರಹದಲ್ಲಿ ಬಂದ ಮೇಲೆ ಕಂಪ್ಯೂಟರ್ ಹಚ್ಚಿ.